ಎಕ್ಸ್ ಪಾರ್ಟೆ ಡಿಕ್ರಿ ಬಂದರೆ ಏನು ಮಾಡಬೇಕು: ಶಿರಸಿಯ ವಕೀಲರ ಗುಮಾಸ್ತನೊಬ್ಬ ಬರೆದದ್ದು

ಅಡಿಕೆ ಕೊನೆಕೊಯ್ಲಿನ ದಿನ. ದೊಡ್ಡಪ್ಪ ತೋಟದಲ್ಲಿ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಮೇಲಿಂದ ಇಳಿಬಿಡುತ್ತಿದ್ದ ಅಡಿಕೆ ಕೊನೆ ಹಿಡಿಯುತ್ತ ನಿಂತಿದ್ದರು. ಕೋರ್ಟಿನ ಅಮೀನರು ಸಂಕ ದಾಟಿ ಬಂದು ಸಮನ್ಸು ಕೊಡಹೋದರು. ವಾದಿಯ ಜಾಗದಲ್ಲಿ ತಂಗಿಯ ಹೆಸರು ಕಂಡಿದ್ದೇ ತಡ, ದೊಡ್ಡಪ್ಪ ಕೈ ಹಿಂದೆ ತೆಗೆದುಕೊಂಡರು. "ನಂಗೆ ಬ್ಯಾಡ, ವಾಪಸ್ ತಗಂಡು ಹೋಗಿ." ಅಮೀನರು ಒಳ್ಳೆಯವರು. "ಹೆಗಡೇರೆ, ಸಹಿ ಹಾಕಿ ತಗೊಳ್ಳಿ, ವಾಯಿದೆ ದಿನ ಹೋಗಿ ಬನ್ನಿ, ಅಷ್ಟೇ" ಅಂತ ಎರಡು ಸಲ ಹೇಳಿದರು. ಇವರು ಕೇಳಲಿಲ್ಲ. ಅಮೀನರು ಕೊನೆಗೌಡನನ್ನು ಕೆಳಗೆ ಕರೆದು ಅವನ ಸಹಿ ತೆಗೆದುಕೊಂಡು, ಮನೆಯ ಜಗುಲಿ ಬಾಗಿಲಿಗೆ ಒಂದು ಪ್ರತಿ ಅಂಟಿಸಿ ಹೋದರು. ಅದನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದ್ದು ದೊಡ್ಡಪ್ಪನೇ.

ಹದಿನಾಲ್ಕು ತಿಂಗಳಾದ ಮೇಲೆ ಸರ್ವೆಯವರು ಸರಪಳಿ ಹಿಡಿದು ತೋಟಕ್ಕೆ ಬಂದಾಗಲೇ ಗೊತ್ತಾಗಿದ್ದು, ಪಾಲಿನ ದಾವೆ ಎಕ್ಸ್ ಪಾರ್ಟೆ ಡಿಕ್ರಿ ಆಗಿದೆ ಅಂತ. ನಾನು ಶಿರಸಿಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲೇ ಕೋರ್ಟು ಕಂಡವನಿದ್ದೂ ನಮ್ಮವರಿಗೇ ಹೀಗಾಯಿತಲ್ಲ ಅನ್ನುವುದು ನನಗೆ ಇವತ್ತಿಗೂ ನೋವು. ಅವತ್ತಿನಿಂದ ಕಚೇರಿಗೆ ಬರುವವರಿಗೆಲ್ಲ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದ

ಡಿಕ್ರಿ ಅಂದರೆ ದಾವೆಯಲ್ಲಿ ಯಾರಿಗೆ ಏನು ಹಕ್ಕು ಅಂತ ಕೋರ್ಟು ಮಾಡಿದ ತೀರ್ಮಾನ. ಎಕ್ಸ್ ಪಾರ್ಟೆ ಲ್ಯಾಟಿನ್ ಮಾತು. 'ಎಕ್ಸ್' ಅಂದರೆ ಕಡೆಯಿಂದ, 'ಪಾರ್ಟೆ' ಅಂದರೆ ಪಕ್ಷ, ಭಾಗ. ಒಂದು ಪಕ್ಷದ ಕಡೆಯಿಂದ ಮಾತ್ರ ಕೇಳಿ ಮಾಡಿದ್ದು ಅಂತ ಅರ್ಥ. ಕನ್ನಡದ ಆದೇಶಗಳಲ್ಲಿ 'ಏಕಪಕ್ಷೀಯ' ಅಂತ ಬರೆಯುತ್ತಾರೆ. ಕೋರ್ಟಿನ ಅಂಗಳದಲ್ಲಿ ಮಾತ್ರ ಅದು 'ಎಕ್ಸ್ ಪಾರ್ಟಿ' ಆಗಿಬಿಟ್ಟಿದೆ, ಗೊಂದಲ ಹುಟ್ಟುವುದೂ ಅಲ್ಲೇ. ಮಾಜಿ ಶಾಸಕರಿಗೆ ಎಕ್ಸ್ ಎಂಎಲ್‌ಎ ಅನ್ನುತ್ತೇವಲ್ಲ, ಹಾಗೆ ಎಕ್ಸ್ ಪಾರ್ಟಿ ಅಂದರೆ ತಾನು ಈ ಕೇಸಿನ ಪಾರ್ಟಿಯೇ ಅಲ್ಲ, ತನ್ನನ್ನು ಬಿಟ್ಟಿದ್ದಾರೆ ಅಂದುಕೊಂಡು ನೆಮ್ಮದಿಯಾಗಿ ಕೂತವರನ್ನು ನಾನು ಕಂಡಿದ್ದೇನೆ. ಅವರು ಪ್ರತಿವಾದಿಯಾಗಿಯೇ ಇರುತ್ತಾರೆ. ಡಿಕ್ರಿಯ ಭಾರವೂ ಅವರ ಮೇಲೆಯೇ ಬರುತ್ತದೆ. ಅವರ ಮಾತು ಕೇಳಿಲ್ಲ, ಅಷ್ಟೇ.

ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದದ್ದು: ಎಕ್ಸ್ ಪಾರ್ಟೆ ಆಯಿತು ಅಂದರೆ ವಾದಿ ಕೇಳಿದ್ದೆಲ್ಲ ಸಿಕ್ಕಿತು, ಇನ್ನು ನಮ್ಮದು ಮುಗಿಯಿತು ಅನ್ನುವುದು. ಪ್ರತಿವಾದಿ ಬರದಿದ್ದರೂ ವಾದಿ ತನ್ನ ಕೇಸನ್ನು ರುಜುವಾತು ಮಾಡಲೇಬೇಕು. ಕೈಫಿಯತ್ತು ಹಾಕಿಲ್ಲ ಅನ್ನುವ ಒಂದೇ ಕಾರಣಕ್ಕೆ ಕಣ್ಣು ಮುಚ್ಚಿ ಡಿಕ್ರಿ ಕೊಡಬಾರದು ಅಂತ ಸುಪ್ರೀಂ ಕೋರ್ಟು 1999ರ ಬಲರಾಜ್ ತನೇಜಾ ಪ್ರಕರಣದಲ್ಲಿ ಹೇಳಿದೆ. ಈ ಮಾತು ಮುಂದೆ ಅಪೀಲಿನ ಹೊತ್ತಿಗೆ ಕೆಲಸಕ್ಕೆ ಬರುತ್ತದೆ.

(ಕೈಫಿಯತ್ತು ಅಂದರೆ ಪ್ರತಿವಾದಿಯ ಲಿಖಿತ ಹೇಳಿಕೆ, ವಾಯಿದೆ ಅಂದರೆ ಕೇಸು ಕೋರ್ಟಿನ ಮುಂದೆ ಬರುವ ದಿನ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಕಡೆ ಇದ್ದದ್ದರಿಂದ ಇಂಥ ಪದಗಳು ಉಳಿದಿವೆ. ಡಿಕ್ರಿ ಜಾರಿ ಮಾಡಿಸುವ ಅರ್ಜಿಗೆ ಹಿರಿಯರು ಇನ್ನೂ ದರಖಾಸ್ತು ಅನ್ನುತ್ತಾರೆ.)

ಯಾವ ಹಂತದಲ್ಲಿದೆ ಅಂತ ನೋಡಿಕೊಳ್ಳಿ

"ಎಕ್ಸ್ ಪಾರ್ಟಿ ಆಗೋಗಿದ್ಯಂತೆ" ಅಂತ ಯಾರೋ ಹೇಳಿದ್ದನ್ನು ಕೇಳಿ ಓಡಿ ಬರುತ್ತಾರೆ. ಏನಾಗಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ. ಆಗಿರಬಹುದಾದದ್ದು ಮೂರು ಬಗೆ. ಪ್ರತಿವಾದಿಯನ್ನು ಎಕ್ಸ್ ಪಾರ್ಟೆ ಇರಿಸಿದ್ದಾರೆ, ಆದರೆ ಕೇಸು ಇನ್ನೂ ನಡೆಯುತ್ತಿದೆ. ಇಲ್ಲವೇ ಡಿಕ್ರಿಯೇ ಆಗಿದೆ. ಅದೂ ಅಲ್ಲದಿದ್ದರೆ ಎದುರಿನವರು ಒಂದು ಎಕ್ಸ್ ಪಾರ್ಟೆ ತಡೆಯಾಜ್ಞೆ ತಂದಿದ್ದಾರೆ. ಮೂರಕ್ಕೂ ದಾರಿ ಬೇರೆ, ಗಡುವೂ ಬೇರೆ.

ತಿಳಿಯುವುದು ಹೇಗೆ? ಇ-ಕೋರ್ಟ್ಸ್ ಆ್ಯಪ್ ಮೊಬೈಲಿಗೆ ಹಾಕಿಕೊಳ್ಳಿ. 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಇದ್ದರೆ ಕೂಡಲೇ ಕೇಸು ತೆರೆದುಕೊಳ್ಳುತ್ತದೆ. ಇಲ್ಲದಿದ್ದರೆ ಹೆಸರು ಹಾಕಿ ಹುಡುಕಬೇಕು. ನಮ್ಮ ಕಡೆ ಅದು ಸುಲಭವಲ್ಲ. ಗಣಪತಿ ಹೆಗಡೆ, ನಾರಾಯಣ ನಾಯ್ಕ, ಮಂಜುನಾಥ ಗೌಡ ಅಂತ ಹಾಕಿದರೆ ಉದ್ದದ ಪಟ್ಟಿಯೇ ಬರುತ್ತದೆ. ತಂದೆಯ ಹೆಸರು, ಊರು, ಎದುರು ಪಕ್ಷದವರ ಹೆಸರು ತಾಳೆ ನೋಡಿ. ಹೆಸರಿನ ಕಾಗುಣಿತವನ್ನು ಎರಡು-ಮೂರು ಬಗೆಯಲ್ಲಿ ಹಾಕಿಯೂ ನೋಡಿ.

ಕೇಸು ಸಿಕ್ಕಿದ ದಿನವೇ ನಕಲು ಅರ್ಜಿ ಹಾಕಿ. ತೀರ್ಪು ಮತ್ತು ಡಿಕ್ರಿಯ ನಕಲು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಆರ್ಡರ್ ಶೀಟು, ಜಾರಿಯಾಗಿ ವಾಪಸು ಬಂದ ಸಮನ್ಸು, ಅದರ ಹಿಂದೆ ಅಮೀನರು ಬರೆದ ಷರಾ (ಜಾರಿ ಹೇಗಾಯಿತು ಅನ್ನುವ ಟಿಪ್ಪಣಿ), ಇವನ್ನೂ ಕೇಳಿ. ನಿಮ್ಮ ಕೇಸಿನ ಹಣೆಬರಹ ಹೆಚ್ಚಾಗಿ ಆ ಷರಾದಲ್ಲಿ ಇರುತ್ತದೆ.

ಷರಾ ಓದುವುದು

ಸಮನ್ಸು ಜಾರಿಯ ನಿಯಮಗಳು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5ರಲ್ಲಿವೆ. ಪ್ರತಿವಾದಿಗೇ ಕೊಡುವುದು ಸರಿಯಾದ ಕ್ರಮ. ಅವರು ಮನೆಯಲ್ಲಿ ಇಲ್ಲ, ಸದ್ಯಕ್ಕೆ ಬರುವಂತೆಯೂ ಇಲ್ಲ ಅಂದಾಗ ಜೊತೆಗಿರುವ ಕುಟುಂಬದ ವಯಸ್ಕರಿಗೆ ಕೊಡಬಹುದು, ಗಂಡಾಗಲಿ ಹೆಣ್ಣಾಗಲಿ. ಕೆಲಸದಾಳಿಗೆ ಕೊಟ್ಟರೆ ಅದು ಜಾರಿಯಲ್ಲ, ಯಾಕೆಂದರೆ ಕಾನೂನಿನ ಕಣ್ಣಿಗೆ ಕೆಲಸದಾಳು ಕುಟುಂಬದವನಲ್ಲ. ನಿರಾಕರಿಸಿದರೆ, ಅಥವಾ ಹುಡುಕಿದರೂ ಸಿಗದಿದ್ದರೆ, ಪ್ರತಿವಾದಿ ವಾಸವಿರುವ ಮನೆಯ ಹೊರಬಾಗಿಲಿಗೆ ಅಂಟಿಸಿ, ಹೇಗೆ ಅಂಟಿಸಿದೆ, ಮನೆ ತೋರಿಸಿದವರು ಯಾರು, ಯಾರೆದುರು ಅಂಟಿಸಿದೆ ಅಂತ ಬರೆಯಬೇಕು. ಏನೂ ಆಗದಿದ್ದಾಗ ಕೋರ್ಟಿನ ಅಪ್ಪಣೆ ಪಡೆದು ಪೇಪರಿನಲ್ಲಿ ಹಾಕಿಸುತ್ತಾರೆ.

ಹಾಗಾಗಿ ಷರಾ ಕೈಗೆ ಬಂದಾಗ ಇಷ್ಟು ನೋಡಿ: ಯಾವ ಮನೆಗೆ ಹೋಗಿದ್ದರು? ನೀವು ಆಗ ಅಲ್ಲಿ ವಾಸವಿದ್ದಿರಾ? ಯಾರ ಕೈಗೆ ಕೊಟ್ಟರು? ಸಹಿ ಯಾರದು? ಅಂಟಿಸಿದ್ದಾದರೆ ಸಾಕ್ಷಿ ಯಾರು?

ಉತ್ತರ ಕನ್ನಡದಲ್ಲಿ ಈ ಪ್ರಶ್ನೆಗಳಿಗೆ ತೂಕ ಜಾಸ್ತಿ. ಮನೆಗಳು ತೋಟಕ್ಕೊಂದು, ಕಣಿವೆಗೊಂದು. ಕದ್ರಾ, ಕೊಡಸಳ್ಳಿ ಅಣೆಕಟ್ಟಿಗೂ ಸೀಬರ್ಡ್ ನೌಕಾನೆಲೆಗೂ ಊರು ಬಿಟ್ಟವರ ವಿಳಾಸ ಹಳೆಯ ದಾಖಲೆಗಳಲ್ಲಿ ಇನ್ನೂ ಮೊದಲಿನ ಊರೇ. ಕಾರವಾರದವರು ಕೆಲಸಕ್ಕೆ ಗೋವಾದಲ್ಲಿ, ಘಟ್ಟದ ಮೇಲಿನ ತಾಲೂಕುಗಳ ಮಕ್ಕಳು ಬೆಂಗಳೂರಿನಲ್ಲಿ. ಬೀಗ ಹಾಕಿದ ಹಳೇ ಮನೆಯ ಬಾಗಿಲಿಗೆ ಜುಲೈ ತಿಂಗಳಲ್ಲಿ ಅಂಟಿಸಿದ ಕಾಗದ ಎಷ್ಟು ದಿನ ಉಳಿದೀತು? ನೀವು ಅಲ್ಲಿ ವಾಸವಿರಲಿಲ್ಲ ಅನ್ನುವುದಕ್ಕೆ ರೇಷನ್ ಕಾರ್ಡು, ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಕೆಲಸದ ಕಡೆಯ ಪತ್ರ, ಏನಿದೆಯೋ ಅದೆಲ್ಲ ಒಟ್ಟು ಮಾಡಿ.

ಆದರೆ ದೊಡ್ಡಪ್ಪನ ಷರಾ ಗಟ್ಟಿಯಾಗಿತ್ತು. "ಪ್ರತಿವಾದಿಯು ಖುದ್ದು ಸಿಕ್ಕಿದ್ದು, ಓದಿ ಹೇಳಿದರೂ ಸ್ವೀಕರಿಸಲು ನಿರಾಕರಿಸಿದ್ದರಿಂದ ಬಾಗಿಲಿಗೆ ಅಂಟಿಸಲಾಗಿದೆ." ಕೆಳಗೆ ಕೊನೆಗೌಡನ ಸಹಿ. ಸಮನ್ಸು ಬೇಡ ಅಂದರೆ ಕೇಸು ನಿಲ್ಲುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಬಹಳ ಬಲವಾಗಿದೆ. ನಿರಾಕರಿಸಿ, ಹೀಗೆ ಬಾಗಿಲಿಗೆ ಅಂಟಿಸಿದ್ದನ್ನು ಕೋರ್ಟು ಜಾರಿ ಅಂತಲೇ ಹಿಡಿಯುತ್ತದೆ. ತೆಗೆದುಕೊಂಡರೆ ಒಪ್ಪಿಕೊಂಡಂತೆ ಅನ್ನುವುದೂ ಸುಳ್ಳು. ತಂಗಿ ಪಾಲು ಕೇಳಿದ್ದು ಅವಮಾನವೂ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ, 2020ರಲ್ಲಿ ವಿನೀತಾ ಶರ್ಮಾ ತೀರ್ಪು ಅದನ್ನು ಇನ್ನಷ್ಟು ಸ್ಪಷ್ಟ ಮಾಡಿದೆ. ದೊಡ್ಡಪ್ಪನಿಗೆ ನಿಜವಾದ ತಕರಾರು ಇದ್ದದ್ದು ಒಂದೇ: ಅವರು ಸ್ವಂತ ದುಡಿಮೆಯಲ್ಲಿ ಖರೀದಿಸಿದ ಅರ್ಧ ಎಕರೆಯೂ ಪಾಲಿನ ಪಟ್ಟಿಗೆ ಸೇರಿತ್ತು. ಅದನ್ನು ಹೇಳಲು ಮೊದಲ ವಾಯಿದೆಗೆ ಹೋಗಿದ್ದರೆ ಸಾಕಿತ್ತು.

ಡಿಕ್ರಿ ಇನ್ನೂ ಆಗಿಲ್ಲದಿದ್ದರೆ

ಸ್ವಲ್ಪ ನಿರಾಳವಾಗಿ. ಮುಂದಿನ ವಾಯಿದೆಗೆ ವಕಾಲತ್ತು ಹಾಕಿಸಿ, ಅದೇ ಸಂಹಿತೆಯ ಆದೇಶ 9 ನಿಯಮ 7ರ ಕೆಳಗೆ ಅರ್ಜಿ ಕೊಡಿ. ಹಿಂದಿನ ವಾಯಿದೆಗೆ ಬರಲಾಗದ್ದಕ್ಕೆ ಒಪ್ಪುವಂಥ ಕಾರಣ ತೋರಿಸಿದರೆ, ಖರ್ಚು ಕಟ್ಟಿಸಿಯೋ ಕಟ್ಟಿಸದೆಯೋ, ಕೋರ್ಟು ನಿಮ್ಮನ್ನು ಮೊದಲಿನಿಂದ ಹಾಜರಿದ್ದವರಂತೆಯೇ ನಡೆಸಿಕೊಳ್ಳುತ್ತದೆ. ಕೈಫಿಯತ್ತನ್ನೂ ಅರ್ಜಿಯ ಜೊತೆಗೇ ಸಿದ್ಧ ಮಾಡಿಕೊಂಡು ಹೋಗಿ. ಕೈಫಿಯತ್ತಿಗೆ ಸಮನ್ಸು ಜಾರಿಯಾದಂದಿನಿಂದ 30 ದಿನ, ಕಾರಣ ದಾಖಲಿಸಿ 90 ದಿನದವರೆಗೆ ವಿಸ್ತರಿಸಬಹುದು. ಆ ಲೆಕ್ಕ ಆಗಲೇ ಓಡುತ್ತಿರುತ್ತದೆ.

ನಿಯಮ 7ರ ಅರ್ಜಿ ವಜಾ ಆದರೆ? ಆಗಲೂ ಕೋರ್ಟು ಹಾಲಿನಿಂದ ನಿಮ್ಮನ್ನು ಹೊರಗೆ ಕಳಿಸುವಂತಿಲ್ಲ. 1955ರ ಸಂಗ್ರಾಮ್ ಸಿಂಗ್ ತೀರ್ಪು ಇದನ್ನು ಖಚಿತವಾಗಿ ಹೇಳಿದೆ: ಹಿಂದೆ ನಡೆದುಹೋದದ್ದನ್ನು ವಾಪಸು ತಿರುಗಿಸಲಾಗದು, ಆದರೆ ಅಲ್ಲಿಂದ ಮುಂದಿನ ಕಲಾಪದಲ್ಲಿ ಭಾಗವಹಿಸಬಹುದು. ಉಳಿದ ಸಾಕ್ಷಿಗಳನ್ನು ಪಾಟೀಸವಾಲು ಮಾಡಬಹುದು, ವಾದವನ್ನೂ ಮಾಡಬಹುದು. ತುಂಬ ಜನ ಇದನ್ನು ತಿಳಿಯದೆ ಅರ್ಜಿ ವಜಾ ಆದ ದಿನವೇ ಕೈಬಿಡುತ್ತಾರೆ.

ವಾದ ಮುಗಿದು ತೀರ್ಪಿಗೆ ಅಂತ ದಿನ ಗೊತ್ತಾಗಿಬಿಟ್ಟಿದ್ದರೆ ನಿಯಮ 7ಕ್ಕೆ ಜಾಗವಿಲ್ಲ. ಇದು 1964ರ ಅರ್ಜುನ್ ಸಿಂಗ್ ತೀರ್ಪು. ಡಿಕ್ರಿ ಆದ ಮೇಲೆ ಮುಂದಿನ ದಾರಿ ಹಿಡಿಯಬೇಕು.

ಡಿಕ್ರಿ ಆಗಿದ್ದರೆ: ದಿನ ಎಣಿಸಿ

ಆದೇಶ 9 ನಿಯಮ 13. ಡಿಕ್ರಿ ಕೊಟ್ಟ ಕೋರ್ಟಿಗೇ ಅರ್ಜಿ. ಎರಡರಲ್ಲಿ ಒಂದನ್ನು ತೋರಿಸಬೇಕು: ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲ, ಅಥವಾ ಜಾರಿಯಾಗಿದ್ದರೂ ವಾಯಿದೆಗೆ ಬರಲು ಆಗದಂಥ ಸಾಕಷ್ಟು ಕಾರಣ ಇತ್ತು.

ಗಡುವು 30 ದಿನ, 1963ರ ಪರಿಮಿತಿ ಕಾಯ್ದೆಯ 123ನೇ ಅನುಚ್ಛೇದದ ಪ್ರಕಾರ. 30 ದಿನ ಎಲ್ಲಿಂದ? ಸಮನ್ಸು ಸರಿಯಾಗಿ ಜಾರಿಯಾಗಿದ್ದರೆ ಡಿಕ್ರಿಯ ದಿನಾಂಕದಿಂದ. ಜಾರಿಯಾಗಿರದಿದ್ದರೆ ಡಿಕ್ರಿ ಆಗಿದೆ ಅಂತ ನಿಮಗೆ ತಿಳಿದ ದಿನದಿಂದ. ಪೇಪರಿನಲ್ಲಿ ಹಾಕಿಸಿ ಮಾಡಿದ ಬದಲಿ ಜಾರಿಯನ್ನು ಈ ಲೆಕ್ಕಕ್ಕೆ ಸರಿಯಾದ ಜಾರಿ ಅಂತ ಹಿಡಿಯುವುದಿಲ್ಲ, ಕಾಯ್ದೆಯೇ ಹಾಗೆ ಹೇಳುತ್ತದೆ. ಊರಲ್ಲಿ ಬಂದ ಪೇಪರಿನ ಮೂಲೆಯ ಪ್ರಕಟಣೆ ನೋಡದ ಮುಂಬಯಿ, ಬೆಂಗಳೂರು ವಾಸಿಗಳಿಗೆ ಇದು ದೊಡ್ಡ ಆಸರೆ. ಆದ್ದರಿಂದ ಡಿಕ್ರಿಯ ಸುದ್ದಿ ತಿಳಿದ ದಿನ ಯಾವುದು, ಯಾರಿಂದ ತಿಳಿಯಿತು ಅನ್ನುವುದನ್ನು ಅವತ್ತೇ ಬರೆದಿಡಿ. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಬಾಗಿಲು ತೆರೆದ ದಿನ ಹಾಕಬಹುದು.

ಗಡುವು ಮೀರಿದ್ದರೆ ಪರಿಮಿತಿ ಕಾಯ್ದೆಯ ಕಲಂ 5ರ ಕೆಳಗೆ ವಿಳಂಬ ಮನ್ನಾ ಮಾಡಲು ಬೇರೆಯೇ ಅರ್ಜಿ ಬೇಕು. ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕು ಅಂತ 1987ರ ಕಾತಿಜಿ ತೀರ್ಪಿನಲ್ಲಿದೆ, ಅದನ್ನೇ ನೆಚ್ಚಿಕೊಂಡು ಕೂರಬೇಡಿ. ವಿಳಂಬದ ಕಾರಣವನ್ನು ಕಾಗದಪತ್ರದೊಂದಿಗೆ ವಿವರಿಸಿದವರಿಗೆ ಆ ಔದಾರ್ಯ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ಜಾರಿಯಲ್ಲಿ ಸಣ್ಣಪುಟ್ಟ ಲೋಪ ಇತ್ತು ಅಂದರೆ ಸಾಲದು. ವಾಯಿದೆಯ ದಿನ ನಿಮಗೆ ಗೊತ್ತಿತ್ತು, ಬರಲು ಸಮಯವೂ ಇತ್ತು ಅಂತ ಕೋರ್ಟಿಗೆ ಕಂಡುಬಂದರೆ ಆ ಲೋಪದ ಮೇಲೆ ಡಿಕ್ರಿ ರದ್ದಾಗದು.

ಪ್ರಮಾಣಪತ್ರ ಬರೆಸುವಾಗ

"ಅನಾರೋಗ್ಯದ ನಿಮಿತ್ತ ಬರಲಾಗಲಿಲ್ಲ" ಅಂತ ಒಂದು ಸಾಲು ಬರೆದು ಹಾಕಿದ ಅರ್ಜಿಗಳು ಬಿದ್ದುಹೋಗುವುದನ್ನು ನೋಡಿ ಸಾಕಾಗಿದೆ. ಏನು ಕಾಯಿಲೆ, ಎಲ್ಲಿ ಅಡ್ಮಿಟ್ ಆಗಿದ್ದು, ಯಾವತ್ತು ಬಿಡುಗಡೆ, ಆಮೇಲೆ ಯಾಕೆ ವಕೀಲರನ್ನು ಕಾಣಲಿಲ್ಲ, ಎಲ್ಲ ಬೇಕು. ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಮೀನುಗಾರರಾದರೆ ಬೋಟು ಹೊರಟ ದಿನ, ಬಂದ ದಿನ, ಬೋಟಿನ ಮಾಲಕರ ಪ್ರಮಾಣಪತ್ರ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದು ನ್ಯಾಯಾಧೀಶರಿಗೂ ಗೊತ್ತು. ಆ ಅವಧಿಯಲ್ಲಿ ಟ್ರಾಲರಿನಲ್ಲಿ ಸಮುದ್ರದಲ್ಲಿದ್ದೆ ಅಂತ ಬರೆಸಿದರೆ ಉಳಿದ ನಿಜವೂ ಸುಳ್ಳಾಗಿಬಿಡುತ್ತದೆ.

ದಾರಿ ಬಂದಾದದ್ದು ನಮ್ಮ ಜಿಲ್ಲೆಯಲ್ಲಿ ದಿಟವಾದ ಕಾರಣ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಅದೇ ವರ್ಷ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ದೇವಿಮನೆ ಘಟ್ಟದಲ್ಲಿ ಮಣ್ಣು ಜಾರಿ ಬಸ್ಸು ನಿಲ್ಲುವುದೂ ಹೊಸದಲ್ಲ. ಅಂಥ ದಿನದ ಪೇಪರಿನ ತುಂಡು, ಜಿಲ್ಲಾಡಳಿತದ ಪ್ರಕಟಣೆ ಲಗತ್ತಿಸಿ. ವಕೀಲರ ತಪ್ಪಿನಿಂದಲೇ ವಾಯಿದೆ ತಪ್ಪಿದ್ದರೆ ಅದನ್ನೂ ಬರೆಸಬೇಕು, ಸಂಕೋಚ ಬೇಡ. ವಕೀಲರ ಗೈರಿನ ಫಲವನ್ನು ತಪ್ಪಿಲ್ಲದ ಕಕ್ಷಿದಾರ ಉಣ್ಣಬಾರದು ಅಂತ 1981ರ ರಫೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಅರ್ಜಿಯ ಜೊತೆಗೇ ಡಿಕ್ರಿ ಜಾರಿಗೆ ತಡೆ ಕೇಳಿ. ನಿಯಮ 13ರ ಅರ್ಜಿ ಹಾಕಿದ ಮಾತ್ರಕ್ಕೆ ದರಖಾಸ್ತು ತಾನಾಗಿ ನಿಲ್ಲುವುದಿಲ್ಲ. ಕೋರ್ಟು ಎದುರಿನವರಿಗೆ ನೋಟಿಸು ಕೊಡದೆ ಡಿಕ್ರಿ ರದ್ದು ಮಾಡುವಂತಿಲ್ಲ, ಹಾಗಾಗಿ ಸಮಯ ಹಿಡಿಯುತ್ತದೆ. ಹಣದ ಡಿಕ್ರಿಯಾದರೆ ಒಂದು ಮೊತ್ತ ಕಟ್ಟಿ ಅನ್ನಬಹುದು, ಅದಕ್ಕೆ ತಯಾರಿರಿ.

ಅಪೀಲಿನ ದಾರಿ

ಎಕ್ಸ್ ಪಾರ್ಟೆ ಡಿಕ್ರಿಯ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 96ರ ಕೆಳಗೆ ನೇರ ಅಪೀಲೂ ಹಾಕಬಹುದು. ಜಿಲ್ಲಾ ನ್ಯಾಯಾಲಯದಂಥ ಕಡೆಗೆ 30 ದಿನ, ಹೈಕೋರ್ಟಿಗೆ, ಅಂದರೆ ನಮಗೆ ಧಾರವಾಡ ಪೀಠಕ್ಕೆ, 90 ದಿನ. ನಕಲು ಪಡೆಯಲು ಬೇಕಾದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ನಿಯಮ 13ರ 30 ದಿನದಲ್ಲಿ ಹಾಗೆ ಕಳೆಯಬಹುದು ಅಂತ ನಂಬಿ ಕೂರಬೇಡಿ, ನಕಲು ಬರುವ ಮೊದಲೇ ಅರ್ಜಿ ಹಾಕಿ.

ಎರಡನ್ನೂ ಒಟ್ಟಿಗೆ ಹಾಕಬಹುದು. ಆದರೆ ಅಪೀಲು ಮೊದಲು ತೀರ್ಮಾನವಾದರೆ ನಿಯಮ 13ರ ಅರ್ಜಿ ಅಲ್ಲಿಗೆ ನಿಂತಿತು. ನಿಯಮ 13ರ ಅರ್ಜಿ ವಜಾ ಆದರೆ ಅದರ ಮೇಲೂ ಆದೇಶ 43ರ ಪ್ರಕಾರ ಅಪೀಲಿದೆ. ಅದೂ ಸೋತರೆ, ತನ್ನನ್ನು ಎಕ್ಸ್ ಪಾರ್ಟೆ ಇರಿಸಿದ್ದು ತಪ್ಪು ಅಂತ ಮತ್ತೆ ಕಲಂ 96ರ ಅಪೀಲಿನಲ್ಲಿ ಹೇಳಲಾಗದು, ಆದರೆ ಡಿಕ್ರಿ ದಾಖಲೆಗಳ ಮೇಲೆ ನಿಲ್ಲುತ್ತದೆಯೋ ಇಲ್ಲವೋ ಅಂತ ವಾದಿಸಬಹುದು. 2005ರ ಭಾನು ಕುಮಾರ್ ಜೈನ್ ತೀರ್ಪು ಇದನ್ನೆಲ್ಲ ಬಿಡಿಸಿ ಹೇಳಿದೆ.

ದೊಡ್ಡಪ್ಪನನ್ನು ಉಳಿಸಿದ್ದು ದಾಖಲೆಗಳ ಮೇಲೆ ವಾದಿಸುವ ಈ ಕೊನೆಯ ದಾರಿ. ಅವರ ನಿಯಮ 13ರ ಅರ್ಜಿ ನಿಲ್ಲಲಿಲ್ಲ, ಕೊನೆಗೌಡನ ಸಹಿ ಅಲ್ಲೇ ಇತ್ತಲ್ಲ. ಅಪೀಲಿಗೆ ಅಂತ ಕೆಳಕೋರ್ಟಿನ ದಾಖಲೆಗಳ ನಕಲನ್ನು ಒಂದು ರಾತ್ರಿ ಹರವಿಕೊಂಡು ಕೂತಿದ್ದಾಗ, ತಂಗಿಯ ಕಡೆಯವರೇ ಹಾಜರುಪಡಿಸಿದ್ದ ಪಹಣಿಗಳಲ್ಲಿ ಒಂದರ ಮೇಲೆ ನನ್ನ ಕಣ್ಣು ನಿಂತಿತು. ಉಳಿದ ಸರ್ವೆ ನಂಬರುಗಳಿಗೆಲ್ಲ ಹಕ್ಕು ಬಂದ ಬಗೆ 'ವಾರಸಾ' ಅಂತ ಇದ್ದರೆ ಆ ಅರ್ಧ ಎಕರೆಗೆ 'ಖರೀದಿ' ಅಂತ, ಎದುರಿಗೆ ಮ್ಯುಟೇಶನ್ ನಂಬರು. ಕೆಳಕೋರ್ಟಿನಲ್ಲಿ ಅದನ್ನು ತೋರಿಸುವವರೇ ಇರಲಿಲ್ಲ. ಅಪೀಲಿನಲ್ಲಿ ನಮ್ಮ ಸೀನಿಯರ್ ಅದೊಂದನ್ನೇ ಹಿಡಿದು ವಾದಿಸಿದರು. ವಿಳಂಬಕ್ಕೆ ಖರ್ಚು ಕಟ್ಟಿಸಿಕೊಂಡು, ಆ ಒಂದು ಸರ್ವೆ ನಂಬರಿನ ಮಟ್ಟಿಗೆ ಕೇಸು ಮತ್ತೆ ವಿಚಾರಣೆಗೆ ವಾಪಸು ಬಂತು. ಉಳಿದದ್ದರಲ್ಲಿ ತಂಗಿಗೆ ಅವಳ ಪಾಲು ಸಿಕ್ಕಿತು, ಸಿಗಬೇಕಾದದ್ದೇ. ಹಾಗಾಗಿ ಎಕ್ಸ್ ಪಾರ್ಟೆ ಡಿಕ್ರಿ ಬಂದವರಿಗೆ ನಾನು ಹೇಳುವುದು: ವಾದಿ ಕೊಟ್ಟ ಪ್ರತಿ ಕಾಗದವನ್ನೂ ಓದಿ.

ಬೇರೆ ಕೋರ್ಟುಗಳಲ್ಲಿ ಬೇರೆ ಲೆಕ್ಕ

ಜೀವನಾಂಶದ ಎಕ್ಸ್ ಪಾರ್ಟೆ ಆದೇಶವಾದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 145ರ ಪ್ರಕಾರ ಮೂರು ತಿಂಗಳೊಳಗೆ ಅದೇ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಕೊಡಬೇಕು. ಜಿಲ್ಲಾ ಗ್ರಾಹಕ ಆಯೋಗಕ್ಕೆ ತನ್ನ ಎಕ್ಸ್ ಪಾರ್ಟೆ ಆದೇಶವನ್ನು ತಾನೇ ರದ್ದು ಮಾಡುವ ಅಧಿಕಾರ ಇಲ್ಲ. 45 ದಿನದೊಳಗೆ ರಾಜ್ಯ ಆಯೋಗಕ್ಕೇ ಅಪೀಲು ಹೋಗಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಗಡುವು ಕಳೆದುಕೊಳ್ಳಬೇಡಿ. ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ನೆರೆಯಂಥ ವಿಪತ್ತಿಗೆ ಸಿಕ್ಕವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೇಳಬಹುದು, ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100.

ತಡೆಯಾಜ್ಞೆ ಬರುವ ಮೊದಲೇ

ತೋಟಕ್ಕೆ ಹೋಗುವ ದಾರಿ, ಹಳ್ಳದ ನೀರಿನ ಕಾಲುವೆ, ಬೆಟ್ಟದ ಗಡಿ. ನಮ್ಮಲ್ಲಿ ಎಕ್ಸ್ ಪಾರ್ಟೆ ತಡೆಯಾಜ್ಞೆ ಬರುವುದು ಹೆಚ್ಚಾಗಿ ಇವುಗಳ ಮೇಲೆ. ಬೆಳಿಗ್ಗೆ ಎದ್ದು ನೋಡಿದರೆ ದಾರಿಗೆ ಬೇಲಿ, ಕೇಳಿದರೆ ಕೋರ್ಟಿನ ಆದೇಶದ ಕಾಗದ. ನೋಟಿಸು ಕೊಡದೆ ಇಂಥ ಆದೇಶ ಮಾಡುವಾಗ ಕೋರ್ಟು ಕಾರಣ ಬರೆಯಬೇಕು. ವಾದಿ ಅರ್ಜಿ, ದಾವೆಯ ಪ್ರತಿಗಳನ್ನು ಕೂಡಲೇ ನಿಮಗೆ ಕಳಿಸಿ, ಕಳಿಸಿದ್ದಕ್ಕೆ ಅವತ್ತು ಅಥವಾ ಮರುದಿನ ಪ್ರಮಾಣಪತ್ರ ಹಾಕಬೇಕು. ಕೋರ್ಟು 30 ದಿನದೊಳಗೆ ಅರ್ಜಿ ತೀರ್ಮಾನಿಸಲು ಯತ್ನಿಸಬೇಕು. ಇದೆಲ್ಲ ಆದೇಶ 39ರಲ್ಲಿದೆ. ಆಗಿಲ್ಲದಿದ್ದರೆ ನಿಯಮ 4ರ ಕೆಳಗೆ ತೆರವಿಗೆ ಅರ್ಜಿ ಹಾಕಿ. ಅಲ್ಲಿಯವರೆಗೆ ಬೇಲಿ ಕೀಳಲು ಮಾತ್ರ ಹೋಗಬೇಡಿ, ಎಕ್ಸ್ ಪಾರ್ಟೆ ಆದರೂ ಆದೇಶ ಆದೇಶವೇ.

ನೆರೆಯವರು ವಕೀಲರ ಕಚೇರಿಗೆ ಹೋಗಿ ಬರುತ್ತಿದ್ದಾರೆ ಅಂತ ಸುಳಿವು ಸಿಕ್ಕಿದ್ದರೆ ಕೇವಿಯಟ್ ಹಾಕಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 148ಎ. ಆಮೇಲೆ ಅವರು ಅರ್ಜಿ ತಂದಾಗ ಕೋರ್ಟು ನಿಮಗೆ ನೋಟಿಸು ಕೊಟ್ಟು ಕೇಳುತ್ತದೆ. ಕೇವಿಯಟ್‌ನ ಪ್ರತಿಯನ್ನು ಅವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ (2025ರಿಂದ ಅದು ಸ್ಪೀಡ್ ಪೋಸ್ಟಿನಲ್ಲಿ ಸೇರಿದೆ) ಕಳಿಸಿ, ರಸೀದಿ ಇಟ್ಟುಕೊಳ್ಳಿ. ಸರ್ವೆ ನಂಬರು ಸರಿಯಾಗಿ ಬರೆಸಿ, ಎದುರಿನವರ ಮನೆಯಲ್ಲಿ ಯಾರ ಹೆಸರಿನಲ್ಲಿ ದಾವೆ ಬರಬಹುದೋ ಅವರೆಲ್ಲರ ಹೆಸರೂ ಇರಲಿ. ಅಪ್ಪನ ಮೇಲೆ ಕೇವಿಯಟ್ ಹಾಕಿ ಮಗ ದಾವೆ ತಂದದ್ದೂ ಉಂಟು. 90 ದಿನ ಅದರ ಆಯುಷ್ಯ. ನಮ್ಮ ಕಚೇರಿಯ ಡೈರಿಯಲ್ಲಿ 85ನೇ ದಿನಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಡುತ್ತೇವೆ, ಮತ್ತೆ ಹೊಸದು ಹಾಕಲು.